ಒಲೆ ಹಚ್ಚುವ ಮೊದಲು

ಕುಮಟಾ ಕಡೆಯ ಆ ಹುಡುಗಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಳು. ಪ್ರಾಜೆಕ್ಟಿಗೆಂದು ಹೊನ್ನಾವರಕ್ಕೆ ಬಂದು ನಮ್ಮ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಫೋನಿನಲ್ಲಿ ನೋಡಿ ಕಲಿಯುವಂಥ ಪಾಠಗಳನ್ನು ಹೊಂದಿಸುವುದೇ ಮುಂದೆ ಅವಳ ಕೆಲಸವಂತೆ. ಪಾಠ ಮಾಡುವವರು ಮಾಸ್ತರರು. ಹೊಂದಿಸಲು ಬೇರೆ ಜನ ಯಾಕೆ? ನನಗೆ ನಂಬಿಕೆ ಬರಲಿಲ್ಲ.

ಹಲಸಿನ ಎಲೆಯ ದೊನ್ನೆಯಲ್ಲಿ ಹಬೆಗೆ ಬೇಯಿಸುವ ಕೊಟ್ಟೆ ರೊಟ್ಟಿಯ ಪಾಠ ಹೊಂದಿಸುತ್ತೇನೆಂದು ಫೋನು ಹಿಡಿದು ನನ್ನ ಅಡುಗೆಮನೆಯಲ್ಲಿ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದಳು. ಎಲೆಗೆ ಕಡ್ಡಿ ಚುಚ್ಚಿದರೂ ಹಿಟ್ಟು ಹೊಯ್ದರೂ ಒಂದೇ ಪ್ರಶ್ನೆ: “ಅದ್ಕಿಂತ ಮೊದ್ಲು ಎಂತ ಮಾಡಿದ್ರಿ, ಅಮ್ಮಾ?”

ಪಕ್ಕದ ಮನೆಯವಳು ಎಚ್ಚರಿಸಿದಳು: “ಹುಷಾರು ಅಕ್ಕಾ. ನೀವು ಒಲೆಗೆ ಕೈ ಮುಗಿಯುದನ್ನ ರೀಲ್ ಮಾಡಿ ಬಿಡ್ತದೆ ಅದು. ಊರೆಲ್ಲ ನಗಾಡ್ತದೆ.”

ದೇವರ ಹತ್ತಿರ ಆಡುವ ನನ್ನ ನಾಲ್ಕು ಮಾತು ಯಾರದೋ ನಗೆಯಾಗುವುದು ಬೇಡ. ಅಂದಿನಿಂದ ಬಾಗಿಲು ಹಾಕಿಕೊಂಡು ಕೈ ಮುಗಿದು, ಒಲೆ ಹಚ್ಚಿದ ಮೇಲೆಯೇ ಅವಳನ್ನು ಒಳಗೆ ಕರೆಯುತ್ತಿದ್ದೆ.

ಹೊರಡುವ ಹಿಂದಿನ ದಿನ ಪಾಠ ತೋರಿಸಿದಳು. ಮೊದಲಿಗೇ ಕಂಡದ್ದು ಉರಿಯದ ಒಲೆ, ಅದರ ಮುಂದೆ ಮುಗಿದ ಎರಡು ಕೈ. ಬಳೆಯಿಲ್ಲದ ಕೈ, ಅವಳದೇ.

“ಇದೆಂತ?” ಎಂದೆ.

“ಸುರುವಿಗೆ ನೀವು ಮಾಡುದು ಕಂಡಿದ್ದೆ. ಆಮೇಲೆ ಬಾಗ್ಲು ಹಾಕ್ಕಂಡ್ರಿ, ಹಂಗಾಗಿ ನಿಮ್ದು ತೆಗೀಲಿಲ್ಲ. ಆದ್ರೆ ಕಲಿಯೋರಿಗೆ ಮೊದ್ಲಿನ ಹೆಜ್ಜೆನೇ ಬಿಟ್ಟೋಗ್ಬಾರ್ದಲ್ಲ, ಅಮ್ಮಾ.”

ಎಲ್ಲಿಯಾದರೂ ನಗು ಇದೆಯೇ ಎಂದು ಕೊನೆಯವರೆಗೂ ನೋಡಿದೆ. ಅವಳ ಮುಖವನ್ನೂ ನೋಡಿದೆ. ಇರಲಿಲ್ಲ, ದೇವರು ದೊಡ್ಡವನು.

ಮರುದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲು ತೆರೆದಿಟ್ಟು ಕರೆದೆ: “ಬಾ ಮಗಾ, ಇನ್ನೂ ಒಲೆ ಹಚ್ಚಲಿಲ್ಲ.”