ಮಾವನ ಕೊರಳು

ನನ್ನ ಮಾವನ, ಅಂದರೆ ನನ್ನ ಗಂಡನ ತಂದೆಯ, ಕುತ್ತಿಗೆ ನೆಟ್ಟಗಿರಲಿಲ್ಲ. ತಲೆ ಸದಾ ಮುಂದಕ್ಕೆ ಬಾಗಿ, ನೆಲದಲ್ಲಿ ಏನೋ ಕಳೆದುಕೊಂಡವರ ಹಾಗೆ ನಡೆಯುತ್ತಿದ್ದರು. ಬೆನ್ನು ಶುರುವಾಗುವಲ್ಲಿ ಎದ್ದುಕಾಣುವ ಎಲುಬಿನ ಮೇಲೆ, ನೊಗ ಹೊತ್ತ ಎತ್ತಿನ ಹೆಗಲಿನಂತೆ, ಕರಿದಾಗಿ ದಡ್ಡು ಕಟ್ಟಿತ್ತು. ಬೇಸಿಗೆಯಲ್ಲೂ ಅದರ ಮೇಲೆ ಒಂದು ಪಂಚೆಯ ತುಂಡು ಹೊದ್ದಿರುತ್ತಿದ್ದರು.

ಮಕ್ತಲ್‌ನಿಂದ ಕೃಷ್ಣೆಯ ಕಡೆಗೆ ಹೋಗುವ ದಾರಿಯ ಊರು ಅವರದು. ನಾನು ಸೊಸೆಯಾಗಿ ಹೋದಾಗ ಮನೆಯಲ್ಲಿ ಸಣ್ಣದೊಂದು ಕುರಿಹಿಂಡು ಇತ್ತು. ಮದುವೆಯಲ್ಲಿ ನನಗೆ ಬೆಳ್ಳಿಯ ಸರಿಗೆ ಹಾಕಿದ್ದರು. ಗಟ್ಟಿ ಬಳೆಯಂಥ ಕೊರಳೊಡವೆ. ಅದು ಬಿಗಿಯಾಗಿತ್ತು. ಹೊಸ ಸೊಸೆ ಹೇಗೆ ಹೇಳಲಿ ಎಂದು ಸುಮ್ಮನಿದ್ದೆ. ಮಾವ ಒಂದು ಬೆಳಗ್ಗೆ ಅತ್ತೆಯನ್ನು ಕರೆದು, ಆ ಹುಡುಗಿ ಉಗುಳು ನುಂಗುವಾಗ ಮುಖ ಕಿವಿಚ್ತಾಳ, ನೋಡಿಲ್ಲೇನು ಎಂದು ಗದರಿದರು. ಆ ದಿನವೇ ಅತ್ತೆಯ ಜೊತೆ ನನ್ನನ್ನು ಮಕ್ತಲ್‌ನ ಅಕ್ಕಸಾಲಿಗನ ಹತ್ತಿರ ಕರೆದೊಯ್ದು ಸರಿಗೆಯ ಬಾಯಿ ಅಗಲ ಮಾಡಿಸಿದರು.

ಅದು ಅವರ ಗೀಳು. ಟಗರಿನ ಗಂಟೆ, ನಾಯಿಯ ಮುಳ್ಳುಪಟ್ಟಿ, ಕರುವಿನ ದಾವಣಿ, ಪಕ್ಕದ ಮನೆಯ ಕೂಸಿನ ತಾಯತ, ಏನೇ ಇರಲಿ, ಕಂಡ ಕೂಡಲೇ ಸಂದಿಯಲ್ಲಿ ಬೆರಳು ತೂರಿಸಿ ನೋಡುತ್ತಿದ್ದರು. ತೂರದಿದ್ದರೆ ಬಿಚ್ಚಿ ಸಡಿಲಿಸಿಯೇ ಮುಂದೆ ಹೋಗುತ್ತಿದ್ದರು. ಊರಿನವರಿಗೆ ನಗೆಯಾಗಿತ್ತು. ನನಗೂ ಆಗಿತ್ತು, ಅತ್ತೆ ಹೇಳುವವರೆಗೆ.

ನಾನು ಬಸುರಿಯಾಗಿದ್ದಾಗ ಅತ್ತೆ ಹೇಳಿದರು. ಮಾವ ಹರೆಯದಲ್ಲಿ ದೊರೆಯ ವಾಡೆಯಲ್ಲಿ ಜೀತಕ್ಕಿದ್ದರು. ದೊರೆ ಎಂದರೆ ಆ ಭಾಗದ ಊರುಗಳ ಜಮೀನೆಲ್ಲ ಕೈಯಲ್ಲಿಟ್ಟುಕೊಂಡಿದ್ದವನು. ನಿಜಾಮನ ಅಮೀನರು ಬಂದರೂ ಅವನ ಪಡಸಾಲೆಯಲ್ಲೇ ಇಳಿಯುತ್ತಿದ್ದರು. ಮಾವ ಕಾಯುತ್ತಿದ್ದ ದನಗಳಲ್ಲಿ ಒಂದು ಹೋರಿಗೆ ಹೊಲ ನುಗ್ಗುವ ಚಾಳಿ. ಅಂಥ ದನದ ಕೊರಳಿಗೆ ಭಾರದ ಮರದ ಕೊರಡೊಂದನ್ನು ತೂಗುಬಿಡುತ್ತಾರೆ; ಓಡಿದರೆ ಮೊಣಕಾಲಿಗೆ ಬಡಿಯುತ್ತದೆ. ನಮ್ಮ ಕಡೆ ಅದಕ್ಕೆ ಗುದಿ ಅನ್ನುತ್ತಾರೆ. ಗುದಿ ಕಟ್ಟಿದ್ದರೂ ಆ ಹೋರಿ ದೊರೆಯ ತೆನೆಗಟ್ಟಿದ ಜೋಳಕ್ಕೆ ನುಗ್ಗಿತು. ದೊರೆ ಹೋರಿಯ ಕೊರಳಿಂದ ಗುದಿ ಬಿಚ್ಚಿಸಿ ಮಾವನ ಕೊರಳಿಗೆ ಕಟ್ಟಿಸಿದ. ಜೋಳ ಕೊಯ್ಯುವ ತನಕ ತೆಗೆಯಬಾರದೆಂದು ಹೇಳಿ ತಾನು ಹೈದರಾಬಾದಿಗೆ ಹೋದ.

ಮಾವ ಅದನ್ನು ಹೊತ್ತೇ ದನ ಕಾಯ್ದರು, ಹೊತ್ತೇ ಉಂಡರು. ಮಲಗುವಾಗ ಅದನ್ನು ಪಕ್ಕದಲ್ಲಿ ಮಗುವಿನ ಹಾಗೆ ಮಲಗಿಸಿಕೊಳ್ಳುತ್ತಿದ್ದರಂತೆ. ನಿಜವಾದ ಮಗು ಆಗ ಅತ್ತೆಯ ಮಡಿಲಲ್ಲಿತ್ತು. ಚೊಚ್ಚಲ ಹೆಣ್ಣುಕೂಸು, ಇನ್ನೂ ತೊಟ್ಟಿಲಿಗೆ ಹಾಕಿ ಹೆಸರಿಟ್ಟಿರಲಿಲ್ಲ. ಜ್ವರ ಬಂದು ಅದು ತೀರಿಕೊಂಡಿತು. ಕೂಸನ್ನು ಮಣ್ಣು ಮಾಡುವಷ್ಟು ಹೊತ್ತಾದರೂ ಗುದಿ ತೆಗೆಯಿರಿ ಎಂದು ಮಾವ ವಾಡೆಯ ಗುಮಾಸ್ತನ ಕಾಲು ಹಿಡಿದರು. ದೊರೆಯ ಮಾತಿಲ್ಲದೆ ಮುಟ್ಟಲಾರೆ ಎಂದು ಗುಮಾಸ್ತ ಒಳಗೆ ಹೋದ.

ಕೆರೆಯ ದಂಡೆಯಲ್ಲಿ ಮಾವ ಗುದಿ ಹೊತ್ತುಕೊಂಡೇ ಕುಣಿ ತೋಡಿದರು. ಬಾಗಿದಾಗೆಲ್ಲ ಕೊರಡು ಒಳಗೆ ತೂಗಿ, ತೋಡಿದ ಮಣ್ಣನ್ನು ಮತ್ತೆ ಕೆಡವುತ್ತಿತ್ತು. ನಮ್ಮಲ್ಲಿ ಹೆಂಗಸರು ಮಣ್ಣಿಗೆ ಹೋಗುವುದಿಲ್ಲ. ಆದರೆ ಕೊರಡು ಅಡ್ಡವಿದ್ದು ಮಾವನಿಗೆ ಕೂಸನ್ನು ಎದೆಗೆ ಹಿಡಿದು ಇಳಿಸಲಾಗಲಿಲ್ಲ. ಬಾಣಂತಿ ಅತ್ತೆಯೇ ಕುಣಿಗಿಳಿದು ಮಲಗಿಸಿದರು. ಊರವರು ದೂರದಲ್ಲಿ ನಿಂತಿದ್ದರು.

ಮಾವ ನನ್ನೆದುರು ಆ ಮಾತು ಎತ್ತಿದ್ದು ಒಂದೇ ಸಲ. ನನ್ನ ಮಗ ಹುಟ್ಟಿದ ಮೇಲೆ ಅವನ ಕೊರಳಿಗೆ ಕರಿದಾರ ಕಟ್ಟುತ್ತಿದ್ದೆ. ಪಕ್ಕದಲ್ಲಿ ಕೂತು ಉಣ್ಣೆ ನೂಲುತ್ತಿದ್ದವರು, ಕೈ ನಿಲ್ಲಿಸದೆ, ನನ್ನ ಕಡೆ ನೋಡದೆ ಹೇಳಿದರು:

"ಗುದಿ ಕಟ್ಟಿದ್ದು ಕಬ್ಬಿಣ ಅಲ್ಲವ್ವ, ಹಗ್ಗ. ನನ್ನ ನಡದಾಗ ಕುಡುಗೋಲು ಇತ್ತು. ನಾ ಕೊಯ್ಯಲಿಲ್ಲ."

ಮಗ ಕುರಿಮರಿಗಳ ಹಿಂದೆ ಓಡಾಡುವಷ್ಟಾದಾಗ ಒಂದು ಮಧ್ಯಾಹ್ನ ದೊರೆಯ ಬಂಡಿ ನಮ್ಮ ಮನೆಯ ಮುಂದೆ ನಿಂತಿತು. ಸರಕಾರದ ಲೆವಿ ಜೋಳದ ವಸೂಲಿಗೆ ಗುಮಾಸ್ತನೊಂದಿಗೆ ಹೊರಟಿದ್ದ, ನೀರು ಬೇಕಾಗಿತ್ತು. ನಾನೇ ತಂಬಿಗೆ ಕೊಟ್ಟೆ. ದೊರೆ ಮುದುಕನಾಗಿದ್ದ, ದನಿ ಮೆತ್ತಗಾಗಿತ್ತು. ಮಾವ ಕೈಮುಗಿದು ನಿಂತಿದ್ದರು. ದೊರೆ ಅವರನ್ನೇ ನೋಡಿ, ಸ್ವಂತ ಮನೆಯವರನ್ನು ಕೇಳುವಂತೆ ಕೇಳಿದ:

"ಕುತ್ತಿಗಿಗೆ ಏನಾತೋ?"

ಅವನಿಗೆ ನೆನಪಿರಲಿಲ್ಲ. ಬಾಗಿಲ ಹಿಂದೆ ಅತ್ತೆ ನಿಂತು ಕೇಳುತ್ತಿದ್ದರು.

"ಹುಟ್ಟಿದಾಗಿಂದ ಹಿಂಗ ಐತ್ರಿ," ಎಂದರು ಮಾವ.

ದೊರೆ ಪಾಪ ಅಂದ. ಅಂಗಳದಲ್ಲಿದ್ದ ನನ್ನ ಮಗನನ್ನು ಕಂಡು, ಹುಡುಗ ಚುರುಕಿದ್ದಾನೆ, ವಾಡೆಗೆ ಕಳಿಸು, ದನದ ಹಿಂದೆ ಇರಲಿ, ಹೊಟ್ಟೆ ತುಂಬ ಉಣ್ಣುತ್ತಾನೆ ಅಂದ. ನನ್ನ ಗಂಡ ಹಿಂಡಿನ ಜೊತೆ ದೂರ ಹೋಗಿದ್ದ. ಮಾವ ಮುಗಿದ ಕೈ ಇಳಿಸಿದರು.

"ಇಲ್ರಿ. ಕಳಸಾಂಗಿಲ್ಲ."

ದೊರೆ ಕೇಳಿಸದವನಂತೆ ಕೂತ. ಗುಮಾಸ್ತ ಇನ್ನೊಮ್ಮೆ ಕೇಳಿದ. ಮಾವ ಅದೇ ಮಾತು ಅಂದರು. ಬಂಡಿ ಹೊರಟಿತು.

ಕೆರೆಯಂಗಳದಲ್ಲೂ ಗುಡ್ಡದಲ್ಲೂ ನಮ್ಮ ಕುರಿ ಕಾಲಿಡಬಾರದೆಂದು ಆ ವಾರವೇ ಡಂಗುರವಾಯಿತು. ಬೀರಪ್ಪನ ಗುಡಿಯಲ್ಲಿ ಸೇರಿದ ನಮ್ಮ ಕುಲದ ಹಿರಿಯರು, ಹುಡುಗನನ್ನು ಕಳಿಸಿ ಪಾದ ಹಿಡಿದರೆ ಎಲ್ಲ ಸರಿಹೋಗುತ್ತದೆ ಎಂದರು. ಮಾವ ಎದ್ದು ಬಂದರು. ಮೇವಿಲ್ಲದ ಹಿಂಡನ್ನು ಸಿಕ್ಕವರಿಗೆ ಕೊಟ್ಟು ನಾವು ಕೋಸಗಿಗೆ ಹೋದೆವು. ಅಲ್ಲಿ ಗಂಡ ಸಂತೆಯಲ್ಲಿ ಮೂಟೆ ಹೊತ್ತ, ನಾನು ಕಾಳು ಹಸನು ಮಾಡಿದೆ. ಕೂಸನ್ನಿಟ್ಟ ದಂಡೆಗೆ ಅಮಾವಾಸ್ಯೆಗೊಮ್ಮೆ ಹೋಗಿ ನೀರೆರೆದು ಬರುತ್ತಿದ್ದ ಅತ್ತೆಗೆ ಅದೂ ತಪ್ಪಿತು. ಅವರು ಮಾವನ ಜೊತೆ ಮಾತು ಬಿಟ್ಟರು. ಊರು ಬಿಡಿಸಿದ್ದಕ್ಕೋ, ಹುಟ್ಟಿದಾಗಿಂದ ಎಂದದ್ದಕ್ಕೋ, ಅವರು ಹೇಳಲಿಲ್ಲ.

ನಿಜಾಮನ ಆಳ್ವಿಕೆ ಮುಗಿಯುವುದನ್ನು ಮಾವ ನೋಡಲಿಲ್ಲ. ಕೋಸಗಿಯ ಬಾಡಿಗೆ ಕೋಣೆಯಲ್ಲಿ, ಉಬ್ಬಸ ಹತ್ತಿ, ಗೋಡೆಗೆ ಒರಗಿ ಕೂತೇ ಇರುತ್ತಿದ್ದರು. ಕೊನೆಯ ದಿನಗಳಲ್ಲಿ ದೊರೆಗೆ ಹುಟ್ಟಿದಾಗಿಂದ ಅಂತ ಯಾಕೆ ಅಂದೆ, ಯಾಕೆ ಅಂದೆ ಎಂದು ತಮ್ಮಷ್ಟಕ್ಕೆ ಕೇಳಿಕೊಳ್ಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಅವತ್ತು ನೀವು ಕಳಸಾಂಗಿಲ್ಲ ಅಂತಲೂ ಅಂದಿರಿ, ಇಡೀ ಊರಿನಲ್ಲಿ ಯಾರೂ ಅನ್ನದ ಮಾತು ಅದು, ನನ್ನ ಮಗ ಯಾರ ವಾಡೆಯ ಸಗಣಿಯನ್ನೂ ಬಾಚದೆ ಬೆಳೆಯುತ್ತಿರುವುದು ಅದರಿಂದಲೇ ಎಂದೆ.

ಮಾವ ಉಸಿರು ಕೂಡಿಸಿಕೊಂಡು ಹೇಳಿದರು:

"ಅದು ಹುಡುಗನ ಸಲುವಾಗಿ ಅಂದೆನವ್ವ. ಕೂಸಿನ ಸಲುವಾಗಿ ಏನಂದೆ?"

ಅತ್ತೆ ಒಲೆಯ ಮುಂದಿದ್ದರು. ತಿರುಗಿ ನೋಡಲಿಲ್ಲ.