ನಾಲ್ಕು ಬೆರಳು ಬಟ್ಟೆ ಬಿಟ್ಟ ಕೋಟು

ಮೇಟಗಳ್ಳಿಯ ನಮ್ಮ ಬೀದಿಯಲ್ಲಿ ಯಾರ ಮದುವೆ ಆಲ್ಬಮ್ ತೆಗೆದರೂ ಗಂಡಿನ ಮೈಮೇಲೆ ಒಂದೇ ಕೋಟು. ಹಳೇ ಆಲ್ಬಮ್ಮಿನಲ್ಲಿ ಅದು ಕಾಫಿಪುಡಿ ಬಣ್ಣ, ಹೊಸದರಲ್ಲಿ ಹಾಲು ಹೆಚ್ಚಾದ ಕಾಫಿ ಬಣ್ಣ. ಹೆಣ್ಣು ಕೊಡೋಕೆ ಬಂದ ಬೀಗರೊಬ್ಬರು ನಾಲ್ಕು ಮನೆಯ ಆಲ್ಬಮ್ ನೋಡಿ, "ಏನ್ರಪ್ಪಾ, ಇಲ್ಲಿ ಗಂಡುಗಳಿಗೆಲ್ಲ ಯೂನಿಫಾರಮ್ಮಾ?" ಅಂದಿದ್ದರು.

ಆ ಕೋಟು ಮಂಟಯ್ಯನದು. 1991ರಲ್ಲಿ ಅವನ ಮದುವೆಗೆ ಮಾವ ಹೊಲಿಸಿಕೊಟ್ಟಿದ್ದು. ಫ್ಯಾಕ್ಟರಿಗೆ ಆಗಷ್ಟೇ ಸೇರಿದ್ದ ಮಂಟಯ್ಯ ಕಬ್ಬಿನ ಜಲ್ಲೆಯ ಹಾಗಿದ್ದ. ಲಷ್ಕರ್ ಮೊಹಲ್ಲಾದ ಟೈಲರ್ ದೊರೆಸ್ವಾಮಿ ಅಳತೆ ತೆಗೆಯುವಾಗ ಮಾವ ಪಕ್ಕದಲ್ಲೇ ನಿಂತು ಹೇಳಿದರಂತೆ: "ಎರಡು ಪಕ್ಕಾನೂ ಒಳಗಡೆ ನಾಲ್ಕು ಬೆರಳು ಬಟ್ಟೆ ಬುಟ್ಟು ಹೊಲೀರಿ. ನನ್ನ ಮಗಳು ಬಡಿಸಿದ್ದು ಉಂಡ್ರೆ ಇವನು ಇಂಗೇ ಇರಾಕಿಲ್ಲ."

ಮದುವೆ ಮುಗಿಯಿತು. ಆಮೇಲೆ ಕೋಟನ್ನ ಏನು ಮಾಡೋದು? ಹಾಕಿಕೊಂಡು ಪಾಳಿ ಕೆಲಸಕ್ಕೆ ಹೋಗೋಕಾಗುತ್ತಾ, ರೇಷನ್ ಕ್ಯೂನಲ್ಲಿ ನಿಲ್ಲೋಕಾಗುತ್ತಾ? ನುಸಿ ಗುಳಿಗೆ ಜೊತೆ ಟ್ರಂಕು ಸೇರಿತು. ಮರುವರ್ಷ ಪಕ್ಕದ ಮನೆಯ ಕೃಷ್ಣಸ್ವಾಮಿಗೆ ಮದುವೆ ಗೊತ್ತಾದಾಗ ಮಂಟಯ್ಯನೇ ತೆಗೆದುಕೊಟ್ಟ. "ಟ್ರಂಕಲ್ಲಿದ್ರೆ ನುಸಿ ತಿನ್ನುತ್ತೆ ಕಣೋ, ನಿನ್ನ ಮೈಮೇಲಿದ್ರೆ ಫೋಟೋಗಾದ್ರೂ ಬೀಳುತ್ತೆ."

ಅಲ್ಲಿಂದ ಶುರುವಾಯಿತು. ದಪ್ಪಗಿರುವ ಗಂಡಿಗೆ ದೊರೆಸ್ವಾಮಿ ಎರಡು ಬೆರಳು ಬಿಚ್ಚೋನು, ಸಣ್ಣಗಿರುವವನಿಗೆ ಮತ್ತೆ ಹಿಡಿಯೋನು. ಬಾಡಿಗೆ ಗೀಡಿಗೆ ಇಲ್ಲ. ಕೋಟು ವಾಪಸ್ಸು ಬರುವಾಗ ಜೊತೆಗೊಂದು ಪೊಟ್ಟಣ ಬೂಂದಿ ಬರಬೇಕು, ಅಷ್ಟೇ. ಹಾಗೆ ಹದಿನೇಳು ಮದುವೆ ಆಯಿತು.

2005ರಲ್ಲಿ ಮಂಟಯ್ಯನ ಹೆಂಡತಿ ಪುಟ್ಟಮಾದಮ್ಮನ ತಂಗಿ ಸಂಘಮಿತ್ರಳಿಗೆ ಮದುವೆ ಗೊತ್ತಾಯಿತು. ಮಾವ ತೀರಿಹೋಗಿ ಆರು ವರ್ಷವಾಗಿತ್ತು. ಅಪ್ಪನ ಜಾಗದಲ್ಲಿ ನಿಲ್ಲಬೇಕಾದವನು ಮಂಟಯ್ಯ.

"ಅಪ್ಪ ಅಂತೂ ಇಲ್ಲ, ಅಪ್ಪ ಕೊಡಿಸಿದ ಕೋಟಾದ್ರೂ ಅವಳ ಮದುವೇಲಿರಲಿ. ನೀವು ಅದನ್ನೇ ಹಾಕ್ಕೋಬೇಕು" ಅಂದಳು ಪುಟ್ಟಮಾದಮ್ಮ.

"ಅದಕ್ಕೇನಂತೆ" ಅಂದ ಮಂಟಯ್ಯ. ಅಂದ ಮೇಲೆ ನೆನಪಾಯಿತು. ಸಂಘಮಿತ್ರಳ ಮದುವೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಹಿಂದಿನ ಸಂಜೆಯೇ ಎದುರುಮನೆ ಮನೋಹರನ ಆರತಕ್ಷತೆ, ಕೋಟು ಅವನಿಗೆ ಆಗಲೇ ಒಪ್ಪಿಸಿಯಾಗಿತ್ತು.

"ಬೆಳಕು ಹರಿಯೋದ್ರೊಳಗೆ ತಂದುಕೊಡ್ತೀನಿ ಅಣ್ಣಾ" ಅಂದ ಮನೋಹರ ಮಾತಿಗೆ ತಪ್ಪಲಿಲ್ಲ. ಭಾನುವಾರ ಆರು ಗಂಟೆಗೇ ಕೋಟು ಬಂತು, ಬೂಂದಿಯೂ ಬಂತು. ಮಂಟಯ್ಯ ತೋಳು ತೂರಿಸಿದ, ಗುಂಡಿ ಎಳೆದ. ಗುಂಡಿಗೂ ಕಾಜಾಕ್ಕೂ ನಡುವೆ ಒಂದು ಗೇಣು ಹೊಟ್ಟೆ. ಬೀದಿಗೆಲ್ಲ ಕೋಟು ಹಾಕಿಸಿದ ಮನುಷ್ಯ ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ತಾನು ಹಾಕಿ ನೋಡಿರಲಿಲ್ಲ.

ಪುಟ್ಟಮಾದಮ್ಮ ಬೂಂದಿ ಪೊಟ್ಟಣ ಎತ್ತಿ ಅವನ ಕೈಗೆ ಸಿಗದ ಹಾಗೆ ಅಟ್ಟದ ಮೇಲಿಟ್ಟಳು. ಅವಳ ಕಣ್ಣು ತುಂಬಿದ್ದು ನೋಡಿ ಮಂಟಯ್ಯ ಸೈಕಲ್ ಹತ್ತಿದ.

ದೊರೆಸ್ವಾಮಿ ಹಲ್ಲುಜ್ಜುತ್ತಾ ಬಾಗಿಲು ತೆಗೆದ. ಕೋಟು ನೋಡಿದ, ಮಂಟಯ್ಯನ ಹೊಟ್ಟೆ ನೋಡಿದ.

"ನಿಮ್ಮ ಮಾವ ಜೋಯಿಸರೇನ್ರೀ ಮಂಟಯ್ಯನೋರೆ? ಇಷ್ಟು ವರ್ಷ ಯಾರಿಗೂ ನಾಲ್ಕು ಬೆರಳೂ ಪೂರ್ತಿ ಬಿಚ್ಚಿರಲಿಲ್ಲ. ಇವತ್ತು ಬಿಚ್ಚುತ್ತೀನಿ."

ಬಿಚ್ಚಿ ಹೊಲಿದ. ಉಸಿರು ಬಿಗಿಹಿಡಿಯದೆಯೇ ಗುಂಡಿ ಕೂತಿತು. ಆದರೆ ಎರಡು ಪಕ್ಕೆಯಲ್ಲೂ ಒಳಗಿದ್ದ ಬಟ್ಟೆ ಹೊರಗೆ ಬಂದು, ಮಾಸಿದ ಕೋಟಿನ ಮೇಲೆ ಕಾಫಿಪುಡಿ ಬಣ್ಣದ ಎರಡು ಪಟ್ಟೆ ಎದ್ದು ಕಂಡವು.

"ತೋಳು ಕೆಳಗಿಟ್ಕೊಂಡೇ ಓಡಾಡಿ" ಅಂದ ದೊರೆಸ್ವಾಮಿ.

ಮದುವೆಯಲ್ಲಿ ಮಂಟಯ್ಯ ಹಾಗೇ ನಿಂತಿದ್ದ, ಕವಾಯತಿಗೆ ನಿಂತ ಪೊಲೀಸಿನವನಂತೆ. ಬೌದ್ಧ ಪದ್ಧತಿಯ ಮದುವೆ; ಬುದ್ಧನಿಗೆ ಹೂವಿಟ್ಟ ಮೇಲೆ ಬಿಳಿ ಸೀರೆಯ ಸಂಘಮಿತ್ರ ಅವನ ಕಾಲಿಗೆ ಬಾಗಿದಳು. ಆಶೀರ್ವಾದ ಮಾಡಲು ಕೈ ಎತ್ತಲೇಬೇಕಾಯಿತು. ಪಟ್ಟೆ ಕಂಡಿತು. ಅವಳು ಎದ್ದು ಅದರ ಮೇಲೆ ಬೆರಳಿಟ್ಟಳು.

"ಭಾವ, ಅಪ್ಪ ಆರಿಸಿದ ಬಣ್ಣ ಇದೇ ಅಲ್ವಾ?"

"ಇದೇ ಕಣಮ್ಮ" ಅಂದ ಮಂಟಯ್ಯ. ಆಮೇಲೆ ತೋಳಿನಿಂದ ಪಟ್ಟೆ ಮುಚ್ಚಿಕೊಳ್ಳಲಿಲ್ಲ.

ಕೋಟು ಈಗಲೂ ಬೀದಿಯಲ್ಲಿ ಓಡಾಡುತ್ತದೆ. ಆದರೆ ಆ ಪಟ್ಟೆ ಮತ್ತೆ ಒಳಗೆ ಹೋಗಕೂಡದು ಅಂತ ಪುಟ್ಟಮಾದಮ್ಮ ದೊರೆಸ್ವಾಮಿಗೆ ಕಟ್ಟುನಿಟ್ಟಾಗಿ ಹೇಳಿದ್ದಾಳೆ. ಅದಕ್ಕೇ ನಮ್ಮಲ್ಲಿ ಮದುವೆ ಗೊತ್ತಾದ ಹುಡುಗರು ಮೂರು ತಿಂಗಳು ಚೆನ್ನಾಗಿ ಉಣ್ಣುತ್ತಾರೆ.