ಹೊಣೆ ಸಾಹೇಬರ ಗುಂಡಿ

ಬಣ್ಣದ ಕಾರ್ಖಾನೆಯಲ್ಲಿ ಸಾಮಾಜಿಕ ಹೊಣೆಗಾರಿಕೆ ನೋಡಿಕೊಳ್ಳುವ ಅಧಿಕಾರಿಯನ್ನು ಎಲ್ಲರೂ ಕರೆಯುವುದು ಹೊಣೆ ಸಾಹೇಬರೆಂದೇ. ಹಿಂಬದಿಯ ಕಾಲುವೆ ದಿನಕ್ಕೊಂದು ಬಣ್ಣದಲ್ಲಿ ಹರಿಯುವುದು ಅವರ ಇಲಾಖೆಗೆ ಸೇರಿದ್ದಲ್ಲ. ಮುಂಬದಿಯ ಹಸಿರು ಮಾತ್ರ ಅವರದು. ಒಂದು ಕುರ್ಚಿ ದಾನ ಕೊಟ್ಟರೂ ಆ ಕುರ್ಚಿಯೇ ಮುಚ್ಚಿಹೋಗುವಷ್ಟು ದೊಡ್ಡ ಬ್ಯಾನರ್ ಕಟ್ಟಿಸುತ್ತಾರೆ. ವರ್ಷಕ್ಕೊಮ್ಮೆ ಮಾಲೀಕರು ಸಸಿ ನೆಡುವುದು ಗೇಟಿನ ಪಕ್ಕದ ಒಂದೇ ಗುಂಡಿಯಲ್ಲಿ, ಏಕೆಂದರೆ ಫೋಟೋಗೆ ಬೆಳಕು ಚೆನ್ನಾಗಿ ಬೀಳುವುದು ಅಲ್ಲಿ ಮಾತ್ರ. "ಸರ್, ಸ್ವಲ್ಪ ಕಾಳಜಿಯಿಂದ ಬಗ್ಗಿ" ಎಂದು ಸಾಹೇಬರು ಹೇಳಿಕೊಡುತ್ತಾರೆ; ನೀರೆರೆಯುವ ಖಾಲಿ ಕ್ಯಾನು ಕೈಗಿತ್ತು, "ಷೂ ಒದ್ದೆಯಾಗಲ್ಲ ಸರ್" ಎಂದು ಧೈರ್ಯವನ್ನೂ ತುಂಬುತ್ತಾರೆ. ಮಾಲೀಕರ ಕಾರು ಹೊರಟಿತೆಂದರೆ, ಮುಂದಿನ ವರ್ಷಕ್ಕೆ ಗುಂಡಿ ಬೇಕಲ್ಲ, ಸಸಿಯನ್ನು ಕಿತ್ತು ಒದ್ದೆ ಗೋಣಿಯಲ್ಲಿ ಸುತ್ತಿ, ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಮನೆಗೆ ಒಯ್ಯುತ್ತಾರೆ. ಹೀಗೆ ಬೆಳೆದ ಹದಿಮೂರು ಮರಗಳಿಂದ ಅವರ ಹಿತ್ತಲಿಗೆ ಬಿಸಿಲೇ ಬೀಳದು. ಬಟ್ಟೆ ಒಣಗುವುದಿಲ್ಲವೆಂದು ಹೆಂಡತಿಯದು ನಿತ್ಯದ ತಕರಾರು. "ಇಷ್ಟು ಚೆನ್ನಾಗಿ ಬೆಳೆಸಿದ್ದೀರಲ್ಲ, ಒಂದು ಫೋಟೋನಾದ್ರೂ ತೆಗಿಬಾರ್ದಾ?" ಎಂದು ಆಕೆ ಒಮ್ಮೆ ಕೇಳಿದಾಗ ಸಾಹೇಬರು ದನಿ ತಗ್ಗಿಸಿದರು. "ಮೆಲ್ಲಗೆ ಮಾತಾಡೇ, ಅವಕ್ಕೆ ಕೇಳಿಸೀತು. ಪಾಪ, ಒಂದು ಸಲ ಫೋಟೋ ತೆಗೆಸ್ಕೊಂಡೇ ಸಾಯೋ ಹಾಗಾಗಿದ್ವು."